ಜೇಬಿನ ಗುಬ್ಬಿ

ಶಾಲೆಯ ಆ ಬೆಂಚನ್ನು ಮಕ್ಕಳಿಗೆಂದೇ ಮಾಡಿಸಿದ್ದರು. ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು, ಮದುವೆಗೆಂದು ಹೊಲಿಸಿದ್ದ ಕೋಟು ಬೆನ್ನಿನಲ್ಲಿ ಬಿಗಿಯುತ್ತಿತ್ತು, ಆದರೂ ಅವನು ಬಲಗೈಯನ್ನು ಕೋಟಿನ ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಜೇಬಿನೊಳಗೆ ಮಗಳ ಕಿವಿ ಮಷೀನು ಇತ್ತು. ಅದರಲ್ಲಿ ಅವಳ ಮೈಯ ಬಿಸಿ ಇನ್ನೂ ಆರಿರಲಿಲ್ಲ. ವರಾಂಡದ ನೆಲವನ್ನು ಈಗಷ್ಟೇ ಫಿನಾಯಿಲು ಹಾಕಿ ಒರೆಸಿದ್ದರು. ಸಾಲಾಗಿ ಕೂತ ಅಪ್ಪ ಅಮ್ಮಂದಿರು ಮಕ್ಕಳಿಂದ ಕೊನೆಯ ಗಳಿಗೆಯ ಪಾಠ ಒಪ್ಪಿಸಿಕೊಳ್ಳುತ್ತಿದ್ದರು: ಬಣ್ಣಗಳು, ವಾರಗಳು, ಪ್ರಾರ್ಥನೆ. ಒಬ್ಬ ತಾಯಿ ಮಗನ ಮೂಗು ಒರೆಸಿ ಒರೆಸಿ ಕೆಂಪು ಮಾಡಿಬಿಟ್ಟಿದ್ದಳು. ಪುಟ್ಟಿ ಅವನ ಪಕ್ಕದಲ್ಲಿ ಕಾಲು ಅಲ್ಲಾಡಿಸುತ್ತ ಎಲ್ಲರ ತುಟಿಗಳನ್ನೇ ನೋಡುತ್ತಿದ್ದಳು, ಒಬ್ಬರ ತುಟಿ ನಿಂತರೆ ಇನ್ನೊಬ್ಬರ ತುಟಿಗೆ ಕಣ್ಣು ಹಾರಿಸುತ್ತ. ಯಾವಾಗಲೂ ಹಿಂದಕ್ಕೆ ಎಳೆದು ಕಟ್ಟುವ ಕೂದಲು ಇವತ್ತು ಬಲಗಿವಿಯ ಮೇಲೆ, ಮಷೀನು ಹಾಕಿದರೆ ಕೇಳುವ ಅವಳ ಒಂದೇ ಕಿವಿಯ ಮೇಲೆ, ಇಳಿದಿತ್ತು. ಅದನ್ನು ಇಳಿಸಿದವನು ಅವನೇ, ಸ್ವಲ್ಪ ಹೊತ್ತಿನ ಹಿಂದೆ, ಕೈ ತೊಳೆಯುವ ನಲ್ಲಿಗಳ ಹತ್ತಿರ, ಹೆಂಡತಿ ಫೋಟೋ ಪ್ರತಿ ತರಲು ಗೇಟಿನಾಚೆಯ ಅಂಗಡಿಗೆ ಹೋಗಿದ್ದಾಗ.

"ಗುಬ್ಬಿ ಸ್ವಲ್ಪ ಹೊತ್ತು ನನ್ನ ಹತ್ರ ಇರ್ಲಿ" ಎಂದಿದ್ದ. ಮಷೀನಿಗೆ ಗುಬ್ಬಿ ಎಂದು ಹೆಸರಿಟ್ಟವಳು ಪುಟ್ಟಿಯೇ. ಕಿವಿಯಲ್ಲಿ ಸರಿಯಾಗಿ ಕೂರದಿದ್ದರೆ ಅದು ಚಿಂವ್ ಎಂದು ಸಿಳ್ಳೆ ಹಾಕುತ್ತಿತ್ತಲ್ಲ, ಅದಕ್ಕೆ. "ಯಾಕೆ?" ಎಂದಳು ಅವಳು. ಯಾಕೆ ಎಂದು ಕೇಳದೆ ಅವಳು ಯಾವುದನ್ನೂ ಬಿಟ್ಟವಳಲ್ಲ. ಲೋಕದ ಕಿವುಡರಿಗೆಲ್ಲ ಉತ್ತರ ಕೊಟ್ಟು ಹೊಟ್ಟೆ ಹೊರೆಯುವ ಅವನು, "ನೀರು ಬೀಳತ್ತೆ" ಎಂದ. ನಲ್ಲಿ ನಿಲ್ಲಿಸಿ ಆಗಿತ್ತು. ಪುಟ್ಟಿ ಒಂದು ಸಲ ನಲ್ಲಿಯನ್ನು ನೋಡಿದಳು, ಒಂದು ಸಲ ಅವನನ್ನು ನೋಡಿದಳು, ಆಮೇಲೆ ಕತ್ತು ಓರೆ ಮಾಡಿ ಕಿವಿ ಕೊಟ್ಟಳು. ಅವಳು ಅಳಬಹುದು, ಹಟ ಮಾಡಬಹುದು ಎಂದುಕೊಂಡಿದ್ದ. ಅತ್ತಿದ್ದರೆ ಅವನು ಅಲ್ಲಿಗೇ ಬಿಟ್ಟುಬಿಡುತ್ತಿದ್ದನೇನೋ. ಮಕ್ಕಳು ಎಷ್ಟು ಬೇಗ ನಮ್ಮ ಮಾತು ಕೇಳಿಬಿಡುತ್ತವೆ ಎಂದು ಅವನಿಗೆ ಸಿಟ್ಟೇ ಬಂತು.

ಬೀದಿಯಲ್ಲಿ ಅವನನ್ನು ಕಿವಿ ಡಾಕ್ಟ್ರು ಎನ್ನುತ್ತಿದ್ದರು. ಡಾಕ್ಟರಲ್ಲ, ಮಷೀನು ಹೊಂದಿಸಿ ಕೊಡುವವನು ಅಷ್ಟೇ ಎಂದು ಮೊದಮೊದಲು ತಿದ್ದುತ್ತಿದ್ದ. ಬಿಳಿ ಕೋಟು ಹಾಕಿಕೊಳ್ಳಲು ಶುರುಮಾಡಿದ ಮೇಲೆ ತಿದ್ದುವುದನ್ನು ನಿಲ್ಲಿಸಿದ. ಅಂಗಡಿಗೆ ಬರುವವರೆಲ್ಲ ಬಾಗಿಲಲ್ಲಿ ಒಂದು ಸಲ ಹಿಂದೆ ಮುಂದೆ ನೋಡಿ ಒಳಗೆ ಬರುತ್ತಿದ್ದರು, ಹೆಂಡದಂಗಡಿಗೆ ನುಗ್ಗುವವರ ಹಾಗೆ. ತನಗೆ ಏನೂ ಆಗಿಲ್ಲ, ಈಗಿನ ಜನಕ್ಕೇ ಸರಿಯಾಗಿ ಮಾತಾಡಲು ಬರುವುದಿಲ್ಲ ಎನ್ನುತ್ತಿದ್ದರು. ಅವನು ಅವರನ್ನು ಕೂರಿಸಿ ನೀರು ಕೊಟ್ಟು ಕೇಳುತ್ತಿದ್ದ: "ಕನ್ನಡಕ ಹಾಕ್ಕೊಂಡಿದೀರಲ್ಲ, ಅದಕ್ಕೆ ನಾಚಿಕೆ ಪಟ್ರಾ? ಅದು ಕಣ್ಣಿಗೆ, ಇದು ಕಿವಿಗೆ. ಮುಚ್ಚಿಟ್ಟಷ್ಟೂ ಕಾಣತ್ತೆ ಸ್ವಾಮಿ." ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದನೋ. ಅದರಲ್ಲಿ ಮೋಸವಿರಲಿಲ್ಲ, ನಂಬಿಯೇ ಹೇಳುತ್ತಿದ್ದ. ಕೇಳಿಸದವರನ್ನು ಅವನು ಪರೀಕ್ಷೆಗೆ ಮೊದಲೇ ಗುರುತು ಹಿಡಿಯುತ್ತಿದ್ದ, ಅವರ ನಗುವಿನಿಂದ. ಎದುರಿನವರು ಏನು ಹೇಳಿದರೋ ತಿಳಿಯದೆ, ಕೇಳಲು ಸಂಕೋಚಪಟ್ಟು, ತಲೆಯಾಡಿಸಿ ನಗುವ ಒಂದು ನಗು. ನೆಂಟರ ಮನೆಯಲ್ಲಿ, ಬ್ಯಾಂಕಿನಲ್ಲಿ, ಸಾವಿನ ಮನೆಯಲ್ಲಿ ಕೂಡ ಅದೇ ನಗು ನಕ್ಕು ಬೈಸಿಕೊಂಡವರನ್ನು ಅವನು ಬಲ್ಲ. ಪುಟ್ಟಿಗೆ ಆ ನಗು ಇರಲಿಲ್ಲ. ಕೇಳಿಸದಿದ್ದರೆ ಅವಳು ಮುಖಕ್ಕೆ ಹೊಡೆದ ಹಾಗೆ "ಏನು?" ಎನ್ನುತ್ತಿದ್ದಳು, ಇನ್ನೂ ಕೇಳಿಸದಿದ್ದರೆ "ಜೋರಾಗಿ ಹೇಳೋಕೆ ಏನು ಕಷ್ಟ?" ಎನ್ನುತ್ತಿದ್ದಳು. ಅಂಗಡಿಯಲ್ಲಿ ಹಿಂಜರಿಯುವ ಗಿರಾಕಿಗಳಿಗೆ ಅವನು ಅವಳನ್ನೇ ಕರೆದು ತೋರಿಸುತ್ತಿದ್ದ. ಅವಳು ಬಂದು ಕತ್ತು ತಿರುಗಿಸಿ, "ಇದು ನನ್ನ ಗುಬ್ಬಿ, ಬ್ಯಾಟರಿ ತಿನ್ನತ್ತೆ" ಎಂದು ಹೇಳಿ ಹೋಗುವಳು. ಅದಾದ ಮೇಲೆ ಬೇಡವೆಂದವರು ಕಡಿಮೆ.

ಹಾಗಿದ್ದವನು ಇಲ್ಲಿ ಯಾಕೆ ಹೀಗೆ ಮಾಡಿದ? ಹಿಂದಿನ ತಿಂಗಳು ಇನ್ನೊಂದು ಶಾಲೆಗೆ ಹೋಗಿದ್ದರು. ಅಲ್ಲಿಯ ಮೇಡಮ್ಮು ಪುಟ್ಟಿಯ ಕಿವಿ ಕಂಡ ಕೂಡಲೇ ಮುಖ ಕರಗಿಸಿಕೊಂಡಿದ್ದರು. ಅಲ್ಲಿಂದ ಮುಂದೆ ಮಗುವಿನ ಕಡೆ ಒಂದು ಮಾತೂ ಆಡಲಿಲ್ಲ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅವಳ ತಲೆಯ ಮೇಲಿಂದ ಅಪ್ಪ ಅಮ್ಮನ ಜೊತೆ ಮಾತಾಡಿದರು. ಪಾಪ, ಎಷ್ಟು ಮುದ್ದಾಗಿದೆ ಮಗು. ನಮ್ಮಲ್ಲಿ ಮಕ್ಕಳು ಜಾಸ್ತಿ, ಟೀಚರುಗಳು ಕಡಿಮೆ. ಇಂಥವರಿಗೆ ಅಂತಲೇ ಬೇರೆ ಕಡೆ ಇದೆಯಲ್ಲ. ಹೊರಡುವಾಗ ಪುಟ್ಟಿಯ ಮುಂದೆ ಬಗ್ಗಿ ಬಾಯಿ ಅಗಲಿಸಿ, ಕೂಗಿ, ಅಕ್ಷರ ಬಿಡಿಸಿ, "ಹೋ-ಗಿ-ಬಾ" ಎಂದಿದ್ದರು. ಪುಟ್ಟಿ ಎರಡು ಹೆಜ್ಜೆ ಹಿಂದೆ ಸರಿದು, "ಯಾಕೆ ಕೂಗ್ತಾರೆ?" ಎಂದು ಕೇಳಿದಳು. ಅವತ್ತು ಮೇಡಮ್ಮಿಗೆ ತಿರುಗಿ ಎರಡು ಮಾತು ಆಡಬೇಕಿತ್ತು. ಬದಲಿಗೆ ಥ್ಯಾಂಕ್ಸ್ ಹೇಳಿ ಬಂದಿದ್ದ. ಇವತ್ತು ಅವಳ ಕಿವಿಯಿಂದ ಗುಬ್ಬಿ ತೆಗೆಯುವಾಗ, ಮಗಳನ್ನು ಕಾಪಾಡುತ್ತಿದ್ದೇನೆ ಎಂದೇ ಅವನು ತನಗೆ ತಾನು ಹೇಳಿಕೊಂಡಿದ್ದ. ಮೊದಲು ಸೀಟು ಸಿಗಲಿ, ಅವಳ ಬುದ್ಧಿ ನೋಡಲಿ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು.

ಹೆಂಡತಿ ಫೋಟೋ ಹಿಡಿದು ಬಿಸಿಲಲ್ಲಿ ಬೆವತು ಬಂದಳು. ಮಗಳ ಹೊಸ ಬೈತಲೆ ನೋಡಿ ಮೊದಲು ನಕ್ಕಳು. ಆಮೇಲೆ ಎರಡು ಬೆರಳಲ್ಲಿ ಕೂದಲು ಎತ್ತಿ ನೋಡಿದಳು.

"ಎಲ್ಲಿ?"

"ನನ್ನ ಹತ್ರ ಇದೆ."

"ಹಾಕಿ."

"ಆಮೇಲೆ. ಸ್ವಲ್ಪ ಸುಮ್ನಿರು, ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ರೀ, ರಾತ್ರಿ ಏನು ಮಾತಾಡ್ಕೊಂಡ್ವಿ ನಾವು? ಮೊದಲೇ ಹೇಳ್ಬಿಡೋಣ ಅಂತ ತಾನೇ?"

ಅಷ್ಟರಲ್ಲಿ ಆಯಾ ಬಾಗಿಲು ತೆಗೆದು ಅವರನ್ನು ಕರೆದಳು. ಹೆಂಡತಿ ಬಿಟ್ಟ ಕಣ್ಣು ಬಿಟ್ಟಂತೆಯೇ ಎದ್ದು ನಿಂತಳು. ಪುಟ್ಟಿ ಇಬ್ಬರ ತುಟಿಯನ್ನೂ ಓದಿದ್ದಳೋ ಏನೋ, ತಾನೇ ಕೈಯಿಂದ ಕೂದಲನ್ನು ಕಿವಿಯ ಮೇಲೆ ಸವರಿಕೊಂಡಳು.

ಒಳಗೆ ತಂಪಾಗಿತ್ತು. ಗೋಡೆಯ ಮೇಲೆ ಒಂದು ಶಿಲುಬೆ, ಅದರ ಕೆಳಗೆ ಗಾಜಿನ ಬೀರುವಿನಲ್ಲಿ ಬಹುಮಾನದ ಕಪ್ಪುಗಳು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮೇಜಿನ ಹಿಂದಿದ್ದರು. ಗಟ್ಟಿ ಗದ್ದ, ಇಸ್ತ್ರಿಯ ಗೆರೆ ಮುರಿಯದ ಬಿಳಿ ಬಟ್ಟೆ, ಆದರೆ ಕಣ್ಣು ಮೃದು. ಅವರ ಪಕ್ಕದಲ್ಲಿ ಕಿಟಕಿಯ ಬಳಿ ಕೂತವರನ್ನು ನೋಡಿ ಅವನು ಹೊಸ್ತಿಲಲ್ಲೇ ನಿಂತ. ದೊಡ್ಡ ಫಾದರ್. ಇದೇ ಶಾಲೆಯ ಕಾಂಪೌಂಡಿನಲ್ಲಿ ಇರುತ್ತಾರೆಂದು ಗೊತ್ತಿತ್ತು, ಆದರೆ ನಿವೃತ್ತರಾದವರು ಇಂಥ ಕೆಲಸಕ್ಕೆ ಬರುತ್ತಾರೆಂದು ಅವನು ಎಣಿಸಿರಲಿಲ್ಲ. ಅವರ ಎಡಗಿವಿಯ ಹಿಂದೆ ಇದ್ದ ಮಷೀನು ಅವನ ಅಂಗಡಿಯದೇ. ಕಿವಿಯೊಳಗೆ ಅಡಗುವ ಚಿಕ್ಕದು ಕೊಡಪ್ಪಾ, ಪೂಜೆ ಮಾಡುವಾಗ ಜನ ನೋಡ್ತಾರೆ ಎಂದು ಕೇಳಿಕೊಂಡು ಬಂದಿದ್ದ ಮುದುಕನಿಗೆ, ಕನ್ನಡಕದ ಮಾತು ಹೇಳಿ, ಪುಟ್ಟಿಯನ್ನು ಕರೆದು ತೋರಿಸಿ, ಹೊರಗೆ ಕಾಣುವ ದೊಡ್ಡದನ್ನೇ ಹಾಕಿಸಿ ಕಳಿಸಿದ್ದ. "ನಿಂದು ಗುಬ್ಬಿನಾ? ಹಾಗಾದ್ರೆ ನಂದು ಕಾಗೆ" ಎಂದು ಅವರು ಅವತ್ತು ಪುಟ್ಟಿಯನ್ನು ನಗಿಸಿದ್ದರು. ಫಾದರಿಗೆ ಒಂದು ಮಾತು ಹೇಳಿ ಅಂತ ಹೆಂಡತಿ ವಾರದಿಂದ ಗೋಗರೆದಿದ್ದಳು. ಶಿಫಾರಸು ಬೇಡ ಎಂದು ಅವನು ದೊಡ್ಡ ಮನುಷ್ಯನ ಹಾಗೆ ಹೇಳಿದ್ದ. ಅವರ ಬಾಯಿಂದ ಕಿವಿಯ ವಿಷಯ ಹೊರಬೀಳಬಾರದು ಎಂಬ ಯೋಚನೆ ಆಗಲೇ ಅವನ ಮನಸ್ಸಿನ ಯಾವುದೋ ಮೂಲೆಯಲ್ಲಿ ಇತ್ತೆಂದು ಅವನಿಗೆ ಈಗ ತಿಳಿಯಿತು.

ಫಾದರ್ ಪುಟ್ಟಿಯನ್ನು ನೋಡಿ ಕೈ ಎತ್ತಿದರು. ಅವರ ಕಣ್ಣು ಅವಳ ಕಿವಿಯ ಮೇಲೆ ಇಳಿದ ಕೂದಲ ಹತ್ತಿರ ಸ್ವಲ್ಪ ನಿಂತು, ಅಲ್ಲಿಂದ ಅವನ ಮುಖಕ್ಕೆ ಬಂತು. ಅವನು ಬೀರುವಿನ ಕಪ್ಪುಗಳನ್ನು ನೋಡತೊಡಗಿದ.

ಸಿಸ್ಟರ್ ಮನೆಯ ವಿಷಯ ಕೇಳಿದರು. ಹೆಂಡತಿ ಬೇಕರಿಯಲ್ಲಿ ಬಿಲ್ಲು ಬರೆಯುತ್ತಾಳೆ ಎಂದಾಗ, ಅಲ್ಲಿಯ ಬ್ರೆಡ್ಡು ನಮ್ಮ ಹಾಸ್ಟೆಲಿಗೂ ಬರುತ್ತೆ ಎಂದು ಖುಷಿಯಿಂದ ಹೇಳಿದರು. ಅವನು ಅಂಗಡಿ ಇಟ್ಟಿದ್ದೇನೆ ಎಂದಷ್ಟೇ ಹೇಳಿದ. ಯಾವ ಅಂಗಡಿ ಎಂದು ಅವರು ಕೇಳಲಿಲ್ಲ, ಅವನು ಹೇಳಲಿಲ್ಲ. ಆಮೇಲೆ ಅವರು ಪೆನ್ನು ಕೆಳಗಿಟ್ಟು, ಎಲ್ಲರನ್ನೂ ಕೇಳುವ ಧಾಟಿಯಲ್ಲೇ ಕೇಳಿದರು: "ಮಗುವಿನ ಆರೋಗ್ಯದ ವಿಷಯದಲ್ಲಿ ನಮಗೆ ತಿಳಿದಿರಬೇಕಾದ್ದು ಏನಾದ್ರೂ ಇದೆಯಾ? ಸಂಕೋಚ ಬೇಡ." ಎಷ್ಟು ಸರಳವಾಗಿತ್ತು ಆ ಪ್ರಶ್ನೆ. ಜೇಬಿನಿಂದ ಕೈ ತೆಗೆದು ಮೇಜಿನ ಮೇಲೆ ಗುಬ್ಬಿಯನ್ನು ಇಟ್ಟಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ಹೆಂಡತಿ, ಈ ಉತ್ತರ ನಿಮ್ಮದು, ನೀವೇ ಕೊಡಿ ಎಂಬಂತೆ ಅವನ ಕಡೆ ತಿರುಗಿ ಕೂತಳು. ಸಂಕೋಚ ಬೇಡ ಎಂದ ಆ ಮೆತ್ತಗಿನ ದನಿಯೇ ಅವನನ್ನು ಹೆದರಿಸಿತು. ಆ ಮೇಡಮ್ಮೂ ಶುರುವಿನಲ್ಲಿ ಹೀಗೇ ಮೆತ್ತಗೆ ಮಾತಾಡಿದ್ದರಲ್ಲವೇ. "ಏನಿಲ್ಲ ಸಿಸ್ಟರ್" ಎಂದ. ಬಾಯಿಂದ ಹೊರಟ ಮಾತು ಅಷ್ಟು ಚೆನ್ನಾಗಿ ಕೇಳಿಸಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಪುಟ್ಟಿ ಚೆನ್ನಾಗಿಯೇ ಉತ್ತರ ಕೊಟ್ಟಳು. ಸಿಸ್ಟರ್ ಅವಳ ಕಡೆಗೇ ಮುಖ ಮಾಡಿ, ತುಟಿ ಬಿಡಿಸಿ ಮಾತಾಡುವವರು. ಪಾಠ ಹೇಳಿ ಹೇಳಿ ಬಂದ ಅಭ್ಯಾಸವಿರಬೇಕು. ಒಂದು ಸಲ ಮಾತ್ರ ಅವರು ಕಿಟಕಿಯ ಕಡೆ ತಿರುಗಿ, ಹೊರಗೆ ಕಾಣುವ ಮರದಲ್ಲಿ ಏನೇನಿದೆ ಎಂದು ಕೇಳಿದರು. ಪುಟ್ಟಿ ಅಪ್ಪನ ಮುಖ ನೋಡಿದಳು. ಅವನು ತುಟಿಯಲ್ಲೇ "ಮರ" ಎಂದ. ಅವಳು ಎದ್ದು ಹೋಗಿ ಕಿಟಕಿಯಲ್ಲಿ ನೋಡಿ ಎಲೆ, ಹಕ್ಕಿ, ಗಾಳಿಪಟದ ಬಾಲ, ಇರುವೆ, ಎಂದಳು. ಇರುವೆ ಇಲ್ಲಿಂದ ಹೇಗೆ ಕಾಣುತ್ತೆ ಎಂದು ಸಿಸ್ಟರ್ ನಕ್ಕರು. "ಮರ ಇದ್ರೆ ಇರತ್ತೆ" ಎಂದಳು ಪುಟ್ಟಿ, ತಿರುಗಿ ಅವರ ತುಟಿ ನೋಡುತ್ತ. ಫಾದರ್ ಕೂಡ ನಕ್ಕರು. ಅವನ ಎದೆ ಉಬ್ಬಿತು, ಉಬ್ಬಿದ ಎದೆ ಹಾಗೇ ನೋಯಿತು. ಇವಳಿಗೆ ಗುಬ್ಬಿ ಇದ್ದಿದ್ದರೆ ಇನ್ನೂ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಳು, ಎಷ್ಟು ಸಲ "ಏನು?" ಎಂದು ಅವರನ್ನೇ ಕೇಳುತ್ತಿದ್ದಳು.

"ಒಂದು ಪ್ರಾರ್ಥನೆ ಹೇಳ್ತೀಯಾ ಮಗು? ನಿಂಗೆ ಇಷ್ಟ ಬಂದದ್ದು."

ಪುಟ್ಟಿ ಕೈ ಜೋಡಿಸಿ ಕಣ್ಣು ಮುಚ್ಚಿದಳು. ಅವನಿಗೆ ಆಗ ಅರ್ಥವಾಯಿತು. ಎಲ್ಲ ಯೋಚನೆ ಮಾಡಿದ್ದ, ಇದೊಂದನ್ನು ಮಾಡಿರಲಿಲ್ಲ. ಕಣ್ಣು ಮುಚ್ಚಿದರೆ ಅವಳಿಗೆ ತುಟಿಯೂ ಇಲ್ಲ, ದನಿಯೂ ಇಲ್ಲ. ಅವಳ ಪಾಲಿಗೆ ಈ ಕೋಣೆಯೇ ಇಲ್ಲ. ಕಲಿಸಿದ ಪ್ರಾರ್ಥನೆ ಮುಗಿಯಿತು. "ಸಾಕು ಮಗು, ತುಂಬಾ ಚೆನ್ನಾಗಿತ್ತು" ಎಂದರು ಸಿಸ್ಟರ್. ಅವಳು ನಿಲ್ಲಿಸಲಿಲ್ಲ. ರಾತ್ರಿ ಮಲಗುವ ಮುಂಚೆ ಹೇಳುವ ತನ್ನ ಸ್ವಂತದ್ದನ್ನು ಶುರುಮಾಡಿದಳು. ಅಮ್ಮನ ಸೊಂಟ ನೋವು ಹೋಗಲಿ. ಅಪ್ಪನ ಅಂಗಡಿಗೆ ಬರೋ ತಾತಂದಿರು ಬೈಯದೆ ಇರಲಿ. ಪಕ್ಕದ ಮನೆ ಅತ್ತೆಗೆ ಪಾಪು ಬರಲಿ, ಹೆಣ್ಣು ಪಾಪು. "ಸಾಕು ಪುಟ್ಟಾ" ಎಂದರು ಸಿಸ್ಟರ್ ಮತ್ತೆ, ಸ್ವಲ್ಪ ಗಟ್ಟಿಯಾಗಿ. ಹೆಂಡತಿ ಮಗಳ ಭುಜ ಮುಟ್ಟಲು ಕೈ ಚಾಚಿದಳು. ಸಿಸ್ಟರ್ ಅಂಗೈ ಎತ್ತಿ ಅವಳನ್ನು ತಡೆದರು. ಅವರ ಮುಖ ಬದಲಾಗಿತ್ತು. "ಬೇಡ, ಬೇಡ. ಮುಗಿಸ್ಲಿ. ನೋಡಿ ಎಷ್ಟು ಮೈಮರೆತಿದಾಳೆ" ಎಂದು ಪಿಸುಗುಟ್ಟಿ ಅವರೂ ಕಣ್ಣು ಮುಚ್ಚಿದರು.

ಆಗ ಜೇಬು ಸಿಳ್ಳೆ ಹಾಕಿತು.

ತೆಳ್ಳಗೆ, ಉದ್ದಕ್ಕೆ, ಬಿಡದೆ. ಇಷ್ಟು ಹೊತ್ತು ಸಡಿಲವಾಗಿದ್ದ ಅವನ ಅಂಗೈ ಈಗ ಗುಬ್ಬಿಯ ಸುತ್ತ ಬಿಗಿಯಾಗಿ ಮುಚ್ಚಿಕೊಂಡಿತ್ತು; ಹಾಗೆ ಮುಚ್ಚಿದರೆ ಅದು ಕೂಗದೆ ಇನ್ನೇನು ಮಾಡೀತು. ಬ್ಯಾಟರಿಯ ಬಾಗಿಲು ತೆಗೆದಿಟ್ಟರೆ ಮಾತ್ರ ಅದು ಸುಮ್ಮನಿರುತ್ತದೆ. ಮನೆಗೆ ಹೋದ ಮೇಲೆ ಮರೆಯಬೇಡಿ, ಕಿವಿಯಿಂದ ತೆಗೆದ ಕೂಡಲೇ ಬಾಗಿಲು ತೆಗೀರಿ ಎಂದು ಪ್ರತಿಯೊಬ್ಬ ಗಿರಾಕಿಯನ್ನೂ ಮೆಟ್ಟಿಲ ತನಕ ಹಿಂಬಾಲಿಸಿ ಹೇಳುವ ಮಾತು ಅದು. ಪುಟ್ಟಿಯೇ ಅದನ್ನು ಮರೆಯುತ್ತಿರಲಿಲ್ಲ. ನಲ್ಲಿಯ ಹತ್ತಿರ ಅವನಿಗೆ ಯಾರಾದರೂ ನೋಡಿಯಾರೆಂಬ ಅವಸರ. ಸಿಸ್ಟರ್ ಕಣ್ಣು ತೆರೆದು ಅತ್ತ ಇತ್ತ ನೋಡಿದರು. ಅವನು ಜೇಬನ್ನು ಒತ್ತಿದ. ಒತ್ತಿದಷ್ಟೂ ಅದು ಜೋರಾಯಿತು. ಹೆಂಡತಿ ನೆಲ ನೋಡುತ್ತಿದ್ದಳು. ಕಣ್ಣು ಮುಚ್ಚಿದ್ದ ಪುಟ್ಟಿ ಒಬ್ಬಳೇ ಏನೂ ಕೇಳಿಸದೆ ಬೀದಿಯ ನಾಯಿಗೆ ಒಳ್ಳೆಯದನ್ನು ಬೇಡುತ್ತಿದ್ದಳು.

"ಕ್ಷಮಿಸಿ ಸಿಸ್ಟರ್" ಎಂದರು ದೊಡ್ಡ ಫಾದರ್. "ಇದು ನಂದು. ಬೆಳಗ್ಗೆಯಿಂದ ಹೀಗೇ ಕೂಗ್ತಿದೆ, ದರಿದ್ರದ್ದು." ಅವರು ಎಡಗಿವಿಯ ಹಿಂದೆ ಕೈ ಹಾಕಿ ತಮ್ಮ ಮಷೀನನ್ನು ಕಿತ್ತು, ಎಲ್ಲರಿಗೂ ಕಾಣುವಂತೆ ಹಿಡಿದು, ಉಗುರಿನಿಂದ ಬ್ಯಾಟರಿಯ ಬಾಗಿಲು ಹುಡುಕತೊಡಗಿದರು. ಅವಸರವಿಲ್ಲದೆ, ಬೇಕೆಂದೇ ತಡಮಾಡುತ್ತ. ಜೇಬಿನೊಳಗೆ ಅವನ ಹೆಬ್ಬೆರಳಿಗೂ ಬಾಗಿಲು ಸಿಕ್ಕಿತು. ಸಿಳ್ಳೆ ನಿಂತಿತು. ಫಾದರ್ ಅವನ ಕೈ ನಿಂತದ್ದನ್ನು ನೋಡಿಯೇ ತಮ್ಮ ಕೈ ನಿಲ್ಲಿಸಿದ್ದು. ಅವರಿಗೆ ಆ ಸದ್ದು ಕೇಳಿಸಿರಲು ಸಾಧ್ಯವಿಲ್ಲ. ಅಷ್ಟು ಎತ್ತರದ ದನಿ ಅವರ ಕಿವಿಯಿಂದ ಎಂದೋ ಹೋಗಿತ್ತು, ಪರೀಕ್ಷೆ ಮಾಡಿ ನೋಡಿದವನು ಅವನೇ. ಅವರು ಅದನ್ನು ಅವನ ಮುಖದಲ್ಲಿ ನೋಡಿಯೇ ತಿಳಿದಿದ್ದರು.

"...ಮತ್ತೆ ಗುಬ್ಬಿಗೆ ಜೇಬಲ್ಲಿ ಉಸಿರು ಕಟ್ಟದೆ ಇರ್ಲಿ. ಆಮೆನ್" ಎಂದು ಪುಟ್ಟಿ ಕಣ್ಣು ತೆರೆದಳು.

ಸಿಸ್ಟರ್ ಕಣ್ಣಂಚು ಒರೆಸಿಕೊಂಡರು. ಇಷ್ಟು ವರ್ಷದಲ್ಲಿ ಈ ಕುರ್ಚಿಯಲ್ಲಿ ಕೂತು ನೂರಾರು ಮಕ್ಕಳ ಪ್ರಾರ್ಥನೆ ಕೇಳಿದ್ದೇನೆ, ಎಲ್ಲ ಅರ್ಧ ಕಣ್ಣು ತೆರೆದು ಅಮ್ಮನ ಮುಖ ನೋಡುತ್ತಲೇ ಹೇಳುತ್ತವೆ; ಕರೆದರೂ ಕಿವಿಗೆ ಬೀಳದಷ್ಟು ಭಕ್ತಿಯನ್ನು ಇವತ್ತೇ ಕಂಡದ್ದು, ಎಂದರು. ಫಾದರ್ ಮಷೀನನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದರಲ್ಲಿ ಮುಳುಗಿದ್ದರು. "ಗುಬ್ಬಿ ಅಂದ್ರೆ ಯಾರು ಪುಟ್ಟಾ?" ಎಂದು ಸಿಸ್ಟರ್ ಕೇಳಿದರು. ಪುಟ್ಟಿ ಉತ್ಸಾಹದಿಂದ ಬಾಯಿ ತೆರೆದಳು. "ಆಟದ ಸಾಮಾನು ಸಿಸ್ಟರ್" ಎಂದ ಅವನು, ಅವಳಿಗಿಂತ ಮುಂಚೆ. ಪುಟ್ಟಿ ಅವನ ತುಟಿಯನ್ನು ನೋಡಿದಳು. ಓದಿದಳು. ಬಾಯಿ ಮುಚ್ಚಿದಳು.

ಸೀಟು ಅಲ್ಲೇ ಖಾತ್ರಿಯಾಯಿತು. ಮೂವರೂ ಹೊರಗೆ ಬಂದರು. ಬೇಡಿದ್ದು ಸಿಕ್ಕಿದ ಮೇಲೆ ಆಗಬೇಕಾದ ಸಂತೋಷ ಈಗ ಬರುತ್ತದೆ, ಇನ್ನು ನಾಲ್ಕು ಹೆಜ್ಜೆಗೆ ಬರುತ್ತದೆ ಎಂದು ಅವನು ನಡೆಯುತ್ತಿದ್ದ. ಫಾದರ್ ಕೋಲೂರಿಕೊಂಡು ಅವನ ಹಿಂದೆಯೇ ವರಾಂಡಕ್ಕೆ ಬಂದರು.

"ಸುಳ್ಳು ಹೇಳಿ ಬಹಳ ದಿನ ಆಗಿತ್ತಪ್ಪಾ" ಎಂದರು. "ಎಷ್ಟು ಸಲೀಸಾಗಿ ಬಂತು ನೋಡು. ನನಗೇ ಆಶ್ಚರ್ಯ."

"ಫಾದರ್, ನಾನು ಒಳಗೆ ಹೋಗಿ ಹೇಳಿಬಿಡ್ಲಾ?"

"ನನ್ನನ್ನ ಕೇಳಬೇಡ. ನಾನೂ ಈಗ ನಿನ್ನ ಪಾರ್ಟಿ. ನೀನು ಒಳಗೆ ಹೋಗಿ ಹೇಳಿದ್ರೆ ಸಿಸ್ಟರ್ ಮೊದಲು ನನ್ನ ಮುಖ ನೋಡ್ತಾರೆ." ಅವರು ನಗಲು ನೋಡಿದರು, ಆಗಲಿಲ್ಲ.

"ಮೊದಲೇ ಹೇಳಿದ್ದಿದ್ರೆ ಇವಳನ್ನ ತಗೋತಿದ್ರಾ?"

ಫಾದರ್ ಕೋಲಿನ ತುದಿಯಿಂದ ನೆಲದ ಹಂಚಿನ ಬಿರುಕನ್ನು ಕೆರೆದರು. "ಅದು ಇನ್ನು ನಿಂಗೂ ಗೊತ್ತಾಗೋದಿಲ್ಲ, ನಂಗೂ ಗೊತ್ತಾಗೋದಿಲ್ಲ. ನಿಂಗೆ ಕಷ್ಟ ಇರೋದು ಅಲ್ಲೇ." ಆಮೇಲೆ ಬಗ್ಗಿ ಪುಟ್ಟಿಗೆ ಕಾಣುವಂತೆ ತುಟಿ ಬಿಡಿಸಿ, "ನನ್ನ ಕಾಗೆ ನಿನ್ನ ಗುಬ್ಬಿನ ಕೇಳ್ತು ಅಂತ ಹೇಳು" ಎಂದರು. ಪುಟ್ಟಿ ಅಪ್ಪನ ಜೇಬನ್ನು ನೋಡಿದಳೇ ಹೊರತು ನಗಲಿಲ್ಲ. "ಕೊಡಪ್ಪಾ ಅವಳಿಗೆ" ಎಂದು ಫಾದರ್ ಹೊರಟುಹೋದರು.

ಅವಳು ಅಂಗೈ ಚಾಚಿದಳು. ಅವನು ತಿರುಗಿ ನೋಡಿದ. ಸಿಸ್ಟರ್‌ರ ಕೋಣೆಯ ಕಿಟಕಿ ತೆರೆದೇ ಇತ್ತು. "ಗೇಟು ದಾಟ್ಲಿ" ಎಂದ. ಅವಳು ಚಾಚಿದ ಅಂಗೈಯನ್ನು ಹಾಗೇ ಹಿಡಿದುಕೊಂಡು ಆಟದ ಮೈದಾನದ ಪಕ್ಕದ ದಾರಿಯುದ್ದಕ್ಕೂ ನಡೆದಳು. ಕೊಡುವವರಿಗೆ ಮರೆತುಹೋಗದಿರಲಿ ಎಂಬಂತೆ. ಹೆಂಡತಿ ಮುಂದೆ ಮುಂದೆ ನಡೆಯುತ್ತಿದ್ದಳು.

ಗೇಟಿನಾಚೆ, ಫೋಟೋ ಅಂಗಡಿಯ ನೆರಳಿನಲ್ಲಿ, ಅವನು ಮಂಡಿಯೂರಿ ಗುಬ್ಬಿಯನ್ನು ಕಿವಿಗೆ ಕೂರಿಸಿ ಬ್ಯಾಟರಿಯ ಬಾಗಿಲು ಮುಚ್ಚಿದ. ದಿನಾ ಬೆಳಗ್ಗೆ ಈ ಗಳಿಗೆಯಲ್ಲಿ ಪುಟ್ಟಿ "ಬಂತು" ಎನ್ನುತ್ತಿದ್ದಳು. ಮೊದಲ ದಿನ ಹಾಕಿದಾಗ ಅಂಗಡಿಯ ಫ್ಯಾನಿನ ಕಡೆ ಬೆರಳು ಮಾಡಿ, ನಲ್ಲಿಯ ಕಡೆ ಬೆರಳು ಮಾಡಿ, ಕೊನೆಗೆ ತನ್ನ ಚಪ್ಪಲಿಯ ಸದ್ದು ತನಗೇ ಕೇಳಿ ಬೆರಗಾಗಿ, ಅಂಗಡಿಯ ಈ ಕೊನೆಯಿಂದ ಆ ಕೊನೆಗೆ ಸಾಯಂಕಾಲದ ತನಕ ನಡೆದಿದ್ದಳು. "ಬಂತು, ಬಂತು" ಎನ್ನುತ್ತ. ಅವತ್ತು ಅವನು ಗಿರಾಕಿಗಳ ಮುಂದೆಯೇ ಅತ್ತುಬಿಟ್ಟಿದ್ದ. ಇವತ್ತು ಅವಳು ಬಂತು ಎನ್ನಲಿಲ್ಲ. ಬಂದಿದೆ ಎಂದು ಅವನಿಗೆ ಗೊತ್ತು, ಪಕ್ಕದಲ್ಲಿ ಲಾರಿ ಹೋದಾಗ ಅವಳು ಬೆಚ್ಚಿದ್ದಳು.

ಬಸ್ಸಿನ ನಿಲ್ದಾಣದಲ್ಲಿ ಹೆಂಡತಿ ಕೇಳಿದಳು. "ಶಾಲೆ ಶುರುವಾದ ಮೇಲೆ ಏನು ಮಾಡ್ತೀರಿ? ದಿನಾ ಜೇಬಲ್ಲಿ ಇಟ್ಕೋತೀರಾ?"

"ಮೊದಲನೇ ವಾರದಲ್ಲೇ ಹೇಳ್ತೀನಿ. ಈಗ ಅವರಿಗೆ ಅವಳನ್ನ ಕಂಡ್ರೆ ಇಷ್ಟ, ಏನೂ ಅನ್ನಲ್ಲ."

"ಯಾವುದಕ್ಕೆ ಇಷ್ಟ ಪಟ್ರು ಅಂತ ನೋಡಿದ್ರಲ್ಲ?" ಅವಳು ಬಸ್ಸು ಬರುವ ಕಡೆ ತಿರುಗಿದಳು. "ನನ್ನನ್ನ ಯಾಕೆ ಕರ್ಕೊಂಡು ಹೋದ್ರಿ? ಸುಳ್ಳು ಹೇಳೋಕೆ ಒಬ್ರೇ ಸಾಲದಾ? ನಾನೂ ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ನನ್ನ ಜನ್ಮಕ್ಕಿಷ್ಟು." ಬೇಕರಿಯ ಕಡೆ ಹೋಗುವ ಬಸ್ಸು ಬಂತು. ಹತ್ತುವ ಮುಂಚೆ ಮಗಳ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಎಳೆದು, ತನ್ನ ಜಡೆಯ ರಬ್ಬರ್ ಬ್ಯಾಂಡು ಬಿಚ್ಚಿ ಬಿಗಿಯಾಗಿ ಕಟ್ಟಿ, ಕಿವಿ ಎಲ್ಲರಿಗೂ ಕಾಣುವ ಹಾಗೆ ಮಾಡಿ ಹೋದಳು.

ಪಕ್ಕದವರಿಗೆ ಬೀಗದ ಕೈ ಕೊಟ್ಟು ಬಂದಿದ್ದ ಅಂಗಡಿಯ ಗಾಜಿನ ಬಾಗಿಲಿನಿಂದಲೇ ಒಳಗೆ ಯಾರೋ ಕಾಯುತ್ತಿರುವುದು ಕಂಡಿತು. ಹೋದ ವಾರ ಬಂದು, ಮಷೀನು ಮುಟ್ಟಿ ನೋಡಿ, ಯೋಚನೆ ಮಾಡ್ತೀನಿ ಎಂದು ಹೋಗಿದ್ದ ಹೊಲಿಗೆ ಟೀಚರಮ್ಮ. ಸೆರಗಿನಿಂದ ಕಿವಿ ಮುಚ್ಚಿಕೊಂಡು ಕೂತಿದ್ದರು. ಅವನಿಗೆ ಒಂದು ಬಗೆಯ ನೆಮ್ಮದಿಯಾಯಿತು. ಇಲ್ಲಿ ಎಲ್ಲ ಮೊದಲಿನಂತೆಯೇ ಇದೆ, ಇಲ್ಲಿ ತಾನು ಹೇಳುವುದು ನಿಜ. ಮದುವೆಯ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಬಿಳಿ ಕೋಟು ತೊಟ್ಟುಕೊಳ್ಳುತ್ತ ಮಾತು ಶುರುಮಾಡಿದ. ಪುಟ್ಟಿ ತೋಳು ತೂರಿಸಿಕೊಳ್ಳಲು ಕೋಟಿನ ಅಂಚು ಹಿಡಿದು ಸಹಾಯ ಮಾಡಿದಳು, ಯಾವಾಗಲೂ ಮಾಡುವಂತೆ, ಆಮೇಲೆ ಕಪಾಟಿನ ಹಿಂದೆ ಹೋದಳು.

"ಜನ ಏನಂತಾರೋ ಅಂತ" ಎಂದರು ಟೀಚರಮ್ಮ. "ಕ್ಲಾಸಿನಲ್ಲಿ ಹುಡುಗೀರು ನಗ್ತಾರೆ. ಸೆರಗು ಹೊದ್ದುಕೊಂಡ್ರೆ ಕಾಣದೆ ಇರೋದು ಯಾವುದಾದ್ರೂ..."

"ಅಮ್ಮಾ, ಕನ್ನಡಕ ಹಾಕ್ಕೊಂಡಿದೀರಲ್ಲ" ಎಂದು ಅವನು ಶುರುಮಾಡಿದ. ನಾಲಿಗೆ ತನ್ನಷ್ಟಕ್ಕೆ ಓಡಿತು. ಅದು ಕಣ್ಣಿಗೆ, ಇದು ಕಿವಿಗೆ. ಮುಚ್ಚಿಟ್ಟಷ್ಟೂ ಎಂಬಲ್ಲಿಗೆ ಬಂದಾಗ ದನಿ ಸ್ವಲ್ಪ ತಡವರಿಸಿತು. ಆದರೂ ಮುಗಿಸಿದ. "ನಂಬಿಕೆ ಇಲ್ದಿದ್ರೆ ನನ್ನ ಮಗಳನ್ನೇ ನೋಡಿ. ಪುಟ್ಟೀ! ಬಾ ಇಲ್ಲಿ."

ಯಾರೂ ಬರಲಿಲ್ಲ. ಮತ್ತೆ ಕರೆದ. ಕಪಾಟಿನ ಬದಿಯಿಂದ ಅವಳ ಬೆನ್ನು ಕಾಣುತ್ತಿತ್ತು. ಕೂದಲು ಬಿಚ್ಚಿತ್ತು, ಅಮ್ಮನ ರಬ್ಬರ್ ಬ್ಯಾಂಡು ಅವಳ ಮಣಿಕಟ್ಟಿನಲ್ಲಿತ್ತು. ಅವನು ಎದ್ದ. ಏಳುವಾಗ ಬಿಳಿ ಕೋಟಿನ ಜೇಬಿನಲ್ಲಿ ಏನೋ ತೊಡೆಗೆ ತಾಗಿತು. ಕೈ ಹಾಕಿದ. ಗುಬ್ಬಿ ಇತ್ತು, ಬೆಚ್ಚಗೆ, ಕೋಟು ತೊಡಿಸುವಾಗಲೇ ಅವಳು ಇಳಿಸಿದ್ದಿರಬೇಕು. ಬ್ಯಾಟರಿಯ ಬಾಗಿಲನ್ನು ಅವಳು ಮರೆಯದೆ ತೆಗೆದಿಟ್ಟಿದ್ದಳು. ಅದು ಸದ್ದು ಮಾಡುವ ಹಾಗಿರಲಿಲ್ಲ.

ನೆರಳು ಕಂಡು ಪುಟ್ಟಿ ತಿರುಗಿದಳು. ಗಿರಾಕಿಯನ್ನು ನೋಡಿ ತಾನಾಗಿ ಮುಂದೆ ಬಂದು ನಿಂತಳು, ಕೂದಲನ್ನು ಕಿವಿಯ ಮೇಲೆ ಸವರಿಕೊಂಡು.

"ಎಷ್ಟನೇ ಕ್ಲಾಸಮ್ಮಾ?" ಎಂದು ಟೀಚರಮ್ಮ ಕೇಳಿದರು, ಕನ್ನಡಕದ ಪೆಟ್ಟಿಗೆ ಹುಡುಕಲು ಚೀಲದೊಳಗೆ ಮುಖ ಬಗ್ಗಿಸಿಕೊಂಡು.

ಪುಟ್ಟಿಗೆ ತುಟಿ ಕಾಣಲಿಲ್ಲ. ಅವಳು ಈಗ "ಏನು?" ಎನ್ನುತ್ತಾಳೆ ಎಂದು ಅವನು ಜೇಬಿನಲ್ಲಿ ಕೈ ಇಟ್ಟುಕೊಂಡು ಕಾದ. ಅವಳು ತಲೆಯಾಡಿಸಿ, "ಹೂಂ" ಎಂದು ನಕ್ಕಳು. ಆ ನಗುವನ್ನು ಅವನು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲ.